ಬಾವಿಕಟ್ಟೆ ಮೇಲೆ ಕೂತಿದ್ದ ಮಿಸ್ ಜೂಲಾ

ಆ ರಾತ್ರಿ ವರ್ಲೀನ್ ಸುಟ್ಟ ಚರ್ಚಿನ ಬಾವಿ ದಾರೀಲಿ ಮನೆಗೆ ನಡ್ಕೊಂಡು ಬರ್ತಿದ್ಳು. ಒಬ್ಬಳೇ. ಕಾರು ಕೆಟ್ಟು ಅಂಗಳದಲ್ಲಿ ನಿಂತಿತ್ತು, ರಿಪೇರಿ ಮಾಡಿಸೋಕೆ ಪುರುಸೊತ್ತು ಸಿಕ್ಕಿರಲಿಲ್ಲ. ಚರ್ಚು ಸುಟ್ಟುಹೋಗಿ ಬಹಳ ಕಾಲವಾಯ್ತು. ಬಾವಿ ಒಂದು ಉಳಿದಿದೆ... ಅದರ ಮೇಲೆ ಬಾಗಿಕೊಂಡಿರೋ ಓಕ್ ಮರ, ಕೊಂಬೆಯಿಂದ ನರೆಗೂದಲಿನ ಹಾಗೆ ಜೋತುಬಿದ್ದ ಪಾಚಿ. ನಮ್ಮ ಮಿಸಿಸಿಪ್ಪಿಯ ಈ ಮೂಲೇಲಿ ಹಗಲು ಹೊತ್ತಲ್ಲೂ ಆ ತಿರುವು ಬಂದ್ರೆ ಜನ ಮಾತು ನಿಲ್ಲಿಸಿಬಿಡ್ತಾರೆ.

ವರ್ಲೀನ್‌ಗೆ ಮಾತ್ರ ಹೆದರೋಕೂ ತ್ರಾಣ ಇರಲಿಲ್ಲ.

ನಮ್ಮ ಪಕ್ಕದ ಮನೆಯವಳು ಅವಳು. ಬೆಳಕು ಹರಿಯೋ ಮುಂಚೆ ಕೋಳಿ ಕಾರ್ಖಾನೆಗೆ ಹೋಗಿ ನಿಲ್ಲೋಳು. ಬೆಲ್ಟಿನ ಮೇಲೆ ಕೋಳಿಗಳು ಬರ್ತಾನೇ ಇರ್ತವೆ, ಇವಳು ರೆಕ್ಕೆ ಕತ್ತರಿಸ್ತಾನೇ ಇರಬೇಕು. ಮಗಳು ತೊಟ್ಟಿಲಲ್ಲಿದ್ದಾಗ ಸೇರಿದ ಕೆಲಸ, ಈಗ ಆ ಮಗಳಿಗೇ ಒಂದು ಮಗು. ಒಳಗೆ ಸದಾ ಥಂಡಿ. ನಿಂತು ನಿಂತು, ಕತ್ತರಿಸಿ ಕತ್ತರಿಸಿ, ಬೆರಳ ತುದಿ ಮರಗಟ್ಟಿ ಹೋಗಿದ್ವು. ಕಾಫಿ ಲೋಟ ಬಿಸಿಯೋ ತಣ್ಣಗೋ ಅನ್ನೋದೇ ಗೊತ್ತಾಗ್ತಿರಲಿಲ್ಲ. "ಇನ್ನು ಸ್ವಲ್ಪ ದಿನ ಹೀಗೇ ಆದ್ರೆ ಚಾಕು ಹಿಡಿಯೋಕೂ ಆಗಲ್ಲ ನಿಂಗೆ" ಅಂತ ಡಾಕ್ಟ್ರು ಹೇಳಿದ್ಮೇಲೆ, ಕಮ್ಯುನಿಟಿ ಕಾಲೇಜಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸಿಗೆ ಸೇರಿದ್ಳು. ಸಂಜೆ ಪಾಠ. ಪಾಠ ಮುಗಿದ ಮೇಲೆ ವೃದ್ಧಾಶ್ರಮದಲ್ಲಿ ಕೈಯಾರೆ ಮಾಡಿ ಕಲಿಯೋ ತರಬೇತಿ. ಹಾಸಿಗೆ ಹಿಡಿದವರಿಗೆ ಮೈ ಒರೆಸೋದು, ಹಾಸಿಗೆ ಬಟ್ಟೆ ಬದಲಾಯಿಸೋದು, ಊಟ ತಿನ್ನಿಸೋದು, ಬೆನ್ನು ಹುಣ್ಣಾಗದ ಹಾಗೆ ಆಗಾಗ ಮಗ್ಗುಲು ತಿರುಗಿಸೋದು... ಎಲ್ಲದರಲ್ಲೂ ಅವಳೇ ಮುಂದು.

ನಾಡಿ ನೋಡೋದೊಂದು ಬಿಟ್ಟು.

ಬೆರಳಿಗೆ ನಾಡಿ ಸಿಗ್ತಾನೇ ಇರಲಿಲ್ಲ. ಪಾಠ ಹೇಳೋ ಗೇದರ್ ಮೇಡಂ ತಮ್ಮ ಕೈಯನ್ನೇ ಕೊಟ್ಟು ನೋಡಿದ್ರು. ವರ್ಲೀನ್ ಒತ್ತಿದ್ಳು, ಇನ್ನೂ ಒತ್ತಿದ್ಳು, ಹಣೆಯೆಲ್ಲ ಬೆವರು.

"ಅಯ್ಯೋ ಬಿಡಮ್ಮ! ಇದು ನನ್ನ ಕೈ, ಕೋಳಿ ರೆಕ್ಕೆ ಅಲ್ಲ" ಅಂದ್ರು ಮೇಡಂ.

ಹುಡುಗೀರೆಲ್ಲ ಕಿಸಕ್ ಅಂದ್ರು. ಆಮೇಲೆ ಮೇಡಂ ಅವಳನ್ನ ಪಕ್ಕಕ್ಕೆ ಕರೆದು, "ನೋಡು ವರ್ಲೀನ್, ಮುಂದಿನ ವಾರ ಪರೀಕ್ಷೆ. ನಾಡಿ ಎಣಿಸೋಕೆ ಬರದೇ ಇರೋಳನ್ನ ನಾನು ಪಾಸ್ ಮಾಡಿ ಕಳಿಸೋ ಹಾಗಿಲ್ಲ. ನಿನ್ನ ಕಷ್ಟ ನಂಗೆ ಗೊತ್ತು... ಆದ್ರೂ ಕಳಿಸೋ ಹಾಗಿಲ್ಲ" ಅಂದ್ರು.

ವೃದ್ಧಾಶ್ರಮದಲ್ಲಿ ಒಬ್ಬಳು ಮುದುಕಿ ಇದ್ದಳು, ಮಿಸ್ ಜೂಲಾ. ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ, ನಾಲಿಗೆ ಮಾತ್ರ ಚುರುಕು. ತಾನಾಗೇ ಕೈ ಚಾಚಿ, "ಬಾರೇ, ನನ್ನ ಕೈ ಹಿಡ್ಕೊಂಡು ಕಲಿ. ನಾನೆಲ್ಲಿ ಓಡಿಹೋಗ್ತೀನಿ?" ಅನ್ನೋಳು. ದಿನಾ ಊಟ ತಿನ್ನಿಸಿದ ಮೇಲೆ ವರ್ಲೀನ್ ಆ ಮಣಿಕಟ್ಟು ಹಿಡ್ಕೊಂಡು ಕೂರೋಳು.

"ಸಿಕ್ತಾ?"

"ಇಲ್ಲ ಮಿಸ್ ಜೂಲಾ."

"ಹಾಗಾದ್ರೆ ನಾನು ಸತ್ತೇಹೋದೆನೋ ಏನೋ! ಒತ್ತಬೇಡ್ವೇ. ಬೆರಳಿಟ್ಟು ಸುಮ್ನೆ ಕಾಯಿ. ಅದು ತಾನೇ ಬರುತ್ತೆ."

ಬರ್ತಿರಲಿಲ್ಲ. ಇಬ್ಬರೂ ನಗೋರು.

ಆವತ್ತು ಸಂಜೆ ಮಿಸ್ ಜೂಲಾ ನಗಲಿಲ್ಲ. ಎರಡು ತುತ್ತು ಗ್ರಿಟ್ಸ್ ಗಂಜಿ ತಿಂದು ಸಾಕು ಅಂದ್ಳು. "ಬೆನ್ನು ಉರೀತಿದೆ ಕಣೇ. ಹೋಗೋಕೆ ಮುಂಚೆ ಬಂದು ನನ್ನನ್ನ ಕಿಟಕಿ ಕಡೆ ತಿರುಗಿಸ್ತೀಯಾ? ಇಲ್ಲಿ ಕೆಲಸದವರು ತಿರುಗಿಸಿದ್ರೆ ಮೂಟೆ ಎತ್ತಿ ಹಾಕಿದ ಹಾಗಿರುತ್ತೆ."

"ಬರ್ತೀನಿ, ಖಂಡಿತ ಬರ್ತೀನಿ" ಅಂದ್ಳು ವರ್ಲೀನ್.

ಅಷ್ಟರಲ್ಲಿ ಮೇಡಂ ಎಲ್ಲರನ್ನೂ ಆ ಕಡೆ ವಾರ್ಡಿಗೆ ಕರ್ಕೊಂಡು ಹೋದ್ರು. ಅಲ್ಲಿ ಒಬ್ಬ ದಪ್ಪ ಮುದುಕನನ್ನ ಗಾಲಿಕುರ್ಚಿಗೆ ಎತ್ತಿ ಕೂರಿಸೋದು ಹೇಗೆ ಅಂತ ಪಾಠ. ಅದು ಮುಗಿಯೋ ಹೊತ್ತಿಗೆ ವರ್ಲೀನ್‌ಗೆ ನಿಂತಲ್ಲೇ ಜೋಂಪು. ಎಲ್ಲರ ಜೊತೆ ಮುಂಬಾಗಿಲಿಂದ ಹೊರಟೇಬಿಟ್ಳು. ಮಾತು ಕೊಟ್ಟಿದ್ದು ತಲೇಲೇ ಇರಲಿಲ್ಲ.

ಬಾವಿ ಹತ್ತಿರ ಬಂದಾಗ ಮಂಜು ಇಳಿದಿತ್ತು. ಹಳ್ಳದ ಕಡೆ ಕಪ್ಪೆಗಳು ವಟಗುಟ್ಟುತ್ತಿದ್ವು... ಇದ್ದಕ್ಕಿದ್ದ ಹಾಗೆ ಎಲ್ಲಾ ಒಟ್ಟಿಗೆ ಸುಮ್ಮನಾದ್ವು. ಬಾವಿಯ ಕಬ್ಬಿಣದ ರಾಟೆ ಒಂದೇ ಸಲ ಕಿರ್... ಅಂತು. ಗಾಳಿ ಇರಲಿಲ್ಲ.

ಕಟ್ಟೆ ಮೇಲೆ ಯಾರೋ ಕೂತಿದ್ರು. ಬಿಳೀ ಗೌನು. ಬರಿಗಾಲು.

"ವರ್ಲೀನ್..."

ಪಿಸುದನಿ. ಗುರುತು ಸಿಕ್ಕಿದ ತಕ್ಷಣ ವರ್ಲೀನ್ ಎದೆ ಧಸಕ್ ಅಂತು. ದೆವ್ವ ಅಂತ ಅಲ್ಲ. ಹಾಸಿಗೆ ಹಿಡಿದವರು ಕಣ್ತಪ್ಪಿಸಿ ಹೊರಗೆ ಬಂದುಬಿಟ್ರೆ ಏನೇನಾಗುತ್ತೆ ಅಂತ ಮೇಡಂ ಆ ವಾರವಷ್ಟೇ ಹೇಳಿದ್ರು. ಸೊಂಟ ಆಡದ ಮುದುಕಿ ಇಲ್ಲೀವರೆಗೆ ಹೇಗೆ ಬಂದ್ಳು ಅನ್ನೋ ಯೋಚನೆ ಆ ಸುಸ್ತಲ್ಲಿ ಹೊಳೀಲೇ ಇಲ್ಲ. ಗದರಬಾರದು, ಗಾಬರಿ ಮಾಡಬಾರದು, ಮೊದಲು ನಾಡಿ ನೋಡಬೇಕು... ಇಷ್ಟೇ ತಲೇಲಿ ಇದ್ದದ್ದು.

"ಇಲ್ಲೇನು ಮಾಡ್ತಿದ್ದೀರಿ ಮಿಸ್ ಜೂಲಾ?"

"ನೀನು ಬರಲಿಲ್ವಲ್ಲೇ..."

"ತಪ್ಪಾಯ್ತು. ಕೈ ಕೊಡಿ."

ಕೈ ಹಿಡಿದ್ಳು. ಬೆರಳಿಟ್ಟು ಕಾದ್ಳು. ಏನೂ ಇಲ್ಲ. ಜಾಗ ಬದಲಾಯಿಸಿ ಇಟ್ಳು. ಏನೂ ಇಲ್ಲ... ಅವಳಿಗೆ ಅಳು ಬಂತು. ಹೆದರಿ ಅಲ್ಲ, ನಾಚಿಕೆಯಿಂದ. ನನ್ನ ಹಾಳು ಬೆರಳು, ಈ ಹೊತ್ತಲ್ಲೂ ಕೈ ಕೊಡ್ತಲ್ಲ, ಅಂತ.

"ಸಿಕ್ತಾ?" ಅಂತು ಪಿಸುದನಿ.

"ಇಲ್ಲ ಮಿಸ್ ಜೂಲಾ. ನನ್ನ ಬೆರಳಿಗೆ ಸಿಗಲ್ಲ."



ಕಲಿಸಿದ ಹಾಗೇ ಮುದುಕಿಯ ಬೆನ್ನ ಹಿಂದೆ ಒಂದು ಕೈ, ಮೊಣಕೈ ಕೆಳಗೆ ಒಂದು ಕೈ ಕೊಟ್ಟು ಎಬ್ಬಿಸಿ, ವೃದ್ಧಾಶ್ರಮದ ಕಡೆ ನಡೆಸಿಕೊಂಡು ಹೊರಟ್ಳು. ತೂಕವೇ ಇಲ್ಲ, ಒಗೆದು ಒಣಗಿಸಿದ ಬಟ್ಟೆ ಹಿಡಿದ ಹಾಗೆ. ಜಲ್ಲಿ ಮೇಲೆ ವರ್ಲೀನ್ ಶೂ ಚರ್... ಚರ್... ಅಂತಿದ್ವು. ಪಕ್ಕದಲ್ಲಿ ಸದ್ದೇ ಇಲ್ಲ. ಬರಿಗಾಲಲ್ವಾ ಅಂದ್ಕೊಂಡ್ಳು.

ಹಿಂಬಾಗಿಲಿಗೆ ಬಂದು ಬೆಲ್ ಒತ್ತೋಕೆ ಒಂದು ಕೈ ಬಿಟ್ಳು. ಟಿಂಗ್... ಇನ್ನೊಂದು ಕೈ ಹಗುರಾಯ್ತು. ತಿರುಗಿ ನೋಡಿದ್ರೆ ಮಂಜು, ಅಷ್ಟೇ.

ರಾತ್ರಿ ಪಾಳಿಯ ಡೆಲ್ಫಿನ್ ಬಾಗಿಲು ತೆಗೆದ್ಳು.

"ಮಿಸ್ ಜೂಲಾ ಹೊರಗೆ ಬಂದುಬಿಟ್ಟಿದ್ದಾರೆ! ಈಗ ಇಲ್ಲೇ ಇದ್ರು, ಟಾರ್ಚ್ ತಗೊಂಬಾ..."

ಡೆಲ್ಫಿನ್ ಅವಳ ತೋಳು ಹಿಡ್ಕೊಂಡ್ಳು. ಆಮೇಲೆ ಮೆಲ್ಲಗೆ, "ಒಳಗೆ ಬಾ ತಂಗಿ. ನಿಮಗ್ಯಾರಿಗೂ ಹೇಳಲಿಲ್ವಾ? ನೀವೆಲ್ಲ ಆ ಕಡೆ ವಾರ್ಡಲ್ಲಿದ್ದಾಗಲೇ ಅವರು ಹೋದ್ರು. ಶವದ ಗಾಡಿ ಪಕ್ಕದ ಕೌಂಟಿಯಿಂದ ಬರಬೇಕು, ಮಂಜಿಗೆ ತಡ ಆಗಿದೆ" ಅಂದ್ಳು.

ವರ್ಲೀನ್ ಕೂಗಲಿಲ್ಲ, ಬೀಳಲೂ ಇಲ್ಲ. "ನಾನೊಂದ್ಸಲ ನೋಡಬೇಕು" ಅಂದ್ಳು ಅಷ್ಟೇ.

ಕೋಣೇಲಿ ದೀಪ ಸಣ್ಣಗಿತ್ತು. ಮಿಸ್ ಜೂಲಾ ಅಂಗಾತ ಮಲಗಿದ್ದಳು, ಕತ್ತಿನವರೆಗೆ ಬಿಳೀ ಹೊದಿಕೆ. ವರ್ಲೀನ್ ಕೈ ತೊಳೆದ್ಳು. ಹೊದಿಕೆ ಸರಿಸಿದ್ಳು. ಬದುಕಿರೋರ ಹತ್ತಿರ ಹೇಳೋ ಹಾಗೇ, "ಈಗ ತಿರುಗಿಸ್ತೀನಿ ಮಿಸ್ ಜೂಲಾ" ಅಂತ ಹೇಳಿ, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು, ನಿಧಾನವಾಗಿ ಕಿಟಕಿ ಕಡೆ ತಿರುಗಿಸಿದ್ಳು. ಬೆನ್ನಿಗೆ ದಿಂಬು. ಮಂಡಿ ನಡುವೆ ಒಂದು ದಿಂಬು.

"ಇನ್ನೇತಕ್ಕೆ ಅದೆಲ್ಲ?" ಅಂದ್ಳು ಡೆಲ್ಫಿನ್, ಬಾಗಿಲಲ್ಲೇ ನಿಂತು.

"ಮಾತು ಕೊಟ್ಟಿದ್ದೆ."

ಡೆಲ್ಫಿನ್ ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡು ತನ್ನ ಕೆಲಸಕ್ಕೆ ಹೋದ್ಳು. ವರ್ಲೀನ್ ಒಂದು ನಿಮಿಷ ಕೂತು ಹೋಗೋಣ ಅಂತ ಕುರ್ಚಿ ಮೇಲೆ ಕೂತ್ಳು. ಕೂತಿದ್ದಷ್ಟೇ ಗೊತ್ತು. ಎಚ್ಚರ ಆದಾಗ ಹೊರಗೆ ಬೆಳಕಾಗಿತ್ತು, ಹಾಸಿಗೆ ಖಾಲಿ ಇತ್ತು. ಮಡಿಲ ಮೇಲೆ ಯಾರೋ ಕಂಬಳಿ ಹಾಕಿದ್ರು. ಡೆಲ್ಫಿನ್ ಹಾಕಿರಬೇಕು ಅಂದ್ಕೊಂಡ್ಳು. ಎಷ್ಟೋ ವರ್ಷದ ಮೇಲೆ ಅಂಥಾ ನಿದ್ದೆ ಮಾಡಿದ್ದಂತೆ.

ಪರೀಕ್ಷೆ ದಿನ ಅವಳ ಪಾಲಿಗೆ ನಾಡಿಯೇ ಬಂತು. ಬೆರಳು ಮೊದಲಿನ ಹಾಗೇ ಮರಗಟ್ಟಿದ್ವು. ಈ ಸಲ ಅವಳು ಒತ್ತಲಿಲ್ಲ. ಬೆರಳಿಟ್ಟು ಸುಮ್ನೆ ಕಾದ್ಳು... ಎಷ್ಟೋ ಹೊತ್ತಾದ ಮೇಲೆ, ಗೋಡೆ ಆಚೆ ಯಾರೋ ಬಾಗಿಲು ತಟ್ಟಿದ ಹಾಗೆ, ಬಂತು. ಅವಳು ಹೇಳಿದ ಲೆಕ್ಕಕ್ಕೂ ಮೇಡಂ ಲೆಕ್ಕಕ್ಕೂ ತಾಳೆ ಆಯ್ತು. ಕೋಳಿ ಕಾರ್ಖಾನೆ ಬಿಟ್ಳು. ಅದೇ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಗೆ ಸೇರಿದ್ಳು.

ಇಷ್ಟೇ ಆಗಿದ್ರೆ, ಸುಸ್ತಾದ ಹೆಂಗಸು ನಡ್ಕೊಂಡೇ ಕನಸು ಕಂಡ್ಳು ಅಂತ ನಾನೂ ಬಿಟ್ಟುಬಿಡ್ತಿದ್ದೆ.

ಚಳಿಗಾಲದಲ್ಲಿ ಇನ್ನೊಬ್ಬರು ತೀರಿಕೊಂಡಾಗ ಶವದ ಗಾಡಿಯ ಎಮ್ಮಿಟ್ ಬಂದಿದ್ದ. ವರ್ಲೀನ್ ಕಾಫಿ ಕೊಟ್ಳು. ಅವನು ಅವಳನ್ನೇ ನೋಡಿ, "ಓ, ಆವತ್ತು ಕುರ್ಚೀಲಿ ಮಲಗಿದ್ದೋಳು ನೀನೇ ಅಲ್ವಾ? ನಿನ್ನ ಎಬ್ಬಿಸಬಾರದು ಅಂತ ಕಾಲು ಬೆರಳಲ್ಲಿ ನಡೆದು ಕೆಲಸ ಮುಗಿಸಿದೆ ನೋಡು" ಅಂದ.

"ಎಬ್ಬಿಸಬೇಡ ಅಂತ ಡೆಲ್ಫಿನ್ ಹೇಳಿದ್ಳಾ?"

"ಅವಳು ಆಮೇಲೆ ಬಂದಿದ್ದು. ಹಿಂಬಾಗಿಲು ತೆಗೆದೋಳು ಬೇರೆ ಯಾರೋ ಮುದುಕಿ. 'ಹುಡುಗಿ ದಣಿದಿದ್ದಾಳೆ, ಸದ್ದು ಮಾಡಬೇಡ' ಅಂದ್ಳು. ಎಷ್ಟು ಸಣ್ಣ ದನಿ ಅಂದ್ರೆ, ಬಗ್ಗಿ ಕಿವಿಗೊಟ್ಟು ಕೇಳಬೇಕಾಯ್ತು."

ಎಮ್ಮಿಟ್ ನನ್ನ ತಂಗಿ ಗಂಡನ ಕಡೆಯವನು. ಕುಡಿಯಲ್ಲ, ಸುಳ್ಳು ಹೇಳೋನಲ್ಲ. ಬೇಕಾದ್ರೆ ಹೋಗಿ ಕೇಳಿ... ಆ ಮುದುಕಿ ಎತ್ತರದ ಹೆಂಗಸು ಅಂತಾನೆ. ಮಿಸ್ ಜೂಲಾ ಗಿಡ್ಡಗಿದ್ದಳು, ಅಲ್ಲಿದ್ದ ಬೇರೆ ಮುದುಕೀರಲ್ಲೂ ಅಷ್ಟು ಎತ್ತರದೋಳು ಯಾರೂ ಇರಲಿಲ್ಲ.