ಬೀಗರ ಚೀಲದಲ್ಲಿ ಬಿಟ್ಟಿ ಸಕ್ಕರೆ

ಕಳೆದ ವಾರ ಇದೇ ಜಾಗದಲ್ಲಿ ಕೂತು ಆಸೆಯನ್ನು ಗೆಲ್ಲುವುದು ಹೇಗೆ ಎಂದು ಹೇಳಿದೆ. ಎಲ್ಲರೂ ತಲೆದೂಗಿದಿರಿ. ಪ್ರವಚನ ಮುಗಿಯಿತು, ಹೊರಗೆ ನಿಮಗೆಲ್ಲ ಕಾಫಿ ಕೊಟ್ಟರು. ಅಲ್ಲಿ ಏನಾಯಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಕಥೆ ಕೇಳಿ.

ಒಂದು ಊರು. ಆ ಊರಲ್ಲಿ ಒಬ್ಬ ಶ್ರೀಮಂತ. ದೊಡ್ಡ ಮನೆ, ಓಡಾಡಲು ಕಾರು, ಮದುವೆ ವಯಸ್ಸಿಗೆ ಬಂದ ಒಬ್ಬಳೇ ಮಗಳು. ದೇವರು ಅವನಿಗೆ ಏನು ಕಡಿಮೆ ಮಾಡಿದ್ದ? ಏನೂ ಇಲ್ಲ. ದಿನಾ ಬೆಳಿಗ್ಗೆ ಮೂಲೆಯ ಕಾಫಿ ಅಂಗಡಿಗೆ ಹೋಗುತ್ತಿದ್ದ. ಹೋಗಲಿ, ಕಾಫಿ ಕುಡಿಯುವುದು ತಪ್ಪಲ್ಲ, ನಾನೂ ಕುಡಿಯುತ್ತೇನೆ. ಆದರೆ ಇವನು ಹೇಳುತ್ತಿದ್ದದ್ದು ಅರ್ಧ ಕಾಫಿ. ಲೋಟ ಕೈಗೆ ಬಂದ ಮೇಲೆ, ‘ಸಪ್ಪೆ ಆಯ್ತಲ್ಲಪ್ಪ, ಸ್ವಲ್ಪ ಡಿಕಾಕ್ಷನ್ ಹಾಕು’ ಎನ್ನುವುದು. ಹಾಕಿದ ಮೇಲೆ, ‘ಈಗ ಕಹಿ ಆಯ್ತು, ಒಂಚೂರು ಹಾಲು ಬಿಡು’ ಎನ್ನುವುದು. ಸಪ್ಪೆ, ಕಹಿ, ಸಪ್ಪೆ, ಕಹಿ. ನೋಡಿ, ಆ ಅರ್ಧ ಕಾಫಿ ಒಂದು ದಿನವಾದರೂ ಅರ್ಧವಾಗಿ ಉಳಿದದ್ದಿಲ್ಲ.

ಇಷ್ಟಕ್ಕೇ ನಿಂತಿತೇ? ಏಳುವಾಗ, ಗಿರಾಕಿಗಳಿಗೆಂದು ತಟ್ಟೆಯಲ್ಲಿಟ್ಟ ಸಕ್ಕರೆ ಪೊಟ್ಟಣ ಒಂದು ಹಿಡಿ ಜೇಬಿಗೆ. ಕೈ ಒರೆಸುವ ಟಿಶ್ಯೂ ಪೇಪರ್ ಒಂದು ಕಂತೆ ಇನ್ನೊಂದು ಜೇಬಿಗೆ. ಹೆಂಡತಿಗೇ ನಾಚಿಕೆಯಾಗಿ ಕೇಳಿದಳು, ‘ಏನ್ರೀ ಇದು, ನಮ್ಮನೇಲಿ ಸಕ್ಕರೆಗೆ ಬರ ಬಂದಿದೆಯಾ?’ ಅದಕ್ಕೆ ಅವನು, ‘ನಾನೇನು ಕದ್ದೆನಾ? ಅವನೇ ಇಟ್ಟಿದ್ದಾನೆ. ತಗೋಬೇಡಿ ಅಂತ ಬೋರ್ಡು ಹಾಕಿದ್ದಾನಾ?’ ಎಂದ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಆಸಾಮಿ.

ನಗುತ್ತಿದ್ದೀರಿ. ನಗಿ, ನಗಿ. ಕುಂಬಳಕಾಯಿ ಕಳ್ಳ ಎಂದರೆ ಯಾರು ಯಾರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ನನಗೆ ಇಲ್ಲಿಂದ ಚೆನ್ನಾಗಿ ಕಾಣುತ್ತದೆ.

ಹೀಗಿರುವಾಗ ಮಗಳನ್ನು ನೋಡಲು ಪರವೂರಿನಿಂದ ಗಂಡಿನ ಕಡೆಯವರು ಬಂದರು. ಹಿಂದೆ ಬಂದಿದ್ದ ಸಂಬಂಧಗಳು ಅಪ್ಪನ ಜುಗ್ಗತನ ಕಂಡೇ ಬಂದ ದಾರಿಯಲ್ಲಿ ವಾಪಸ್ ಹೋಗಿದ್ದವು. ಈ ಹುಡುಗನನ್ನು ಮಗಳು ಮನಸಾರೆ ಮೆಚ್ಚಿದ್ದಳು. ‘ಅಪ್ಪಾ, ಇದೊಂದು ಸಂಬಂಧ ಕೆಡಿಸಬೇಡ’ ಎಂದು ಕೈ ಹಿಡಿದು ಬೇಡಿಕೊಂಡಿದ್ದಳು. ಅವನೂ ಹೂಂ ಎಂದಿದ್ದ. ಎಷ್ಟಾದರೂ ಮಗಳಲ್ಲವೇ?

ಉಪ್ಪಿಟ್ಟು ಆಯಿತು, ಕೇಸರಿಬಾತ್ ಆಯಿತು, ಕಾಫಿ ಬಂತು. ಪಕ್ಕದ ತಟ್ಟೆಯಲ್ಲಿ ಸಕ್ಕರೆ ಪೊಟ್ಟಣ, ಟಿಶ್ಯೂ ಪೇಪರ್. ಒಂದೊಂದರ ಮೇಲೂ ಆ ಅಂಗಡಿಯ ಹೆಸರು. ಗಂಡಿನ ತಂದೆ ಪೊಟ್ಟಣ ತಿರುಗಿಸಿ ನೋಡಿದ. ‘ಓಹೋ, ಕಾಫಿ ಅಂಗಡೀನೂ ಇಟ್ಟಿದ್ದೀರಾ?’

ಆಗ ಇಲ್ಲ ಎಂದರೆ ಈ ಪೊಟ್ಟಣಗಳು ಎಲ್ಲಿಂದ ಬಂದವು ಎಂದು ಹೇಳಬೇಕು. ಅವನು ಬೆವರು ಒರೆಸಿಕೊಂಡು, ‘ಹೂಂ, ನಮ್ಮದೇ’ ಎಂದುಬಿಟ್ಟ.

‘ಹಾಗಿದ್ರೆ ಬೆಳಿಗ್ಗೆ ಊರಿಗೆ ಹೊರಡೋ ಮುಂಚೆ ಅಲ್ಲೇ ಕಾಫಿ ಕುಡ್ಕೊಂಡು ಹೋಗ್ತೀವಿ ಬಿಡಿ’ ಎಂದ ಗಂಡಿನ ತಂದೆ.

ಬೆಳಗಾಗುವುದೇ ತಡ, ಶ್ರೀಮಂತ ಓಡಿದ ಅಂಗಡಿಗೆ. ಮಾಲೀಕನ ಮುಂದೆ ಕೈ ಮುಗಿದ. ‘ಒಂದು ಗಳಿಗೆ ನಾನು ಗಲ್ಲಾದಲ್ಲಿ ಕೂರ್ತೀನಪ್ಪ. ಮಗಳ ಬಾಳಿನ ವಿಷಯ.’

ಮಾಲೀಕ ಅವನನ್ನು ಮೇಲಿಂದ ಕೆಳಗೆ ನೋಡಿದ. ‘ಹೆಣ್ಣುಮಗಳ ವಿಷಯ ಅಂತೀರಿ, ಕೂತ್ಕೊಳ್ಳಿ ಸ್ವಾಮಿ. ದಿನಾ ಆ ಕಡೆ ಕೂರ್ತಿದ್ರಿ, ಇವತ್ತು ಈ ಕಡೆ ಕೂತು ನೋಡಿ’ ಎಂದು ತಾನು ಒಳಗೆ ಲೋಟ ತೊಳೆಯಲು ಹೋದ.

ಗಂಡಿನ ಕಡೆಯವರು ಬಂದರು, ಕಾಫಿ ಕುಡಿದರು. ಆಮೇಲೆ ಗಂಡಿನ ತಂದೆ ತನ್ನ ಚೀಲದ ಬಾಯಿ ತೆರೆದು ಸಕ್ಕರೆ ಪೊಟ್ಟಣದ ತಟ್ಟೆಯನ್ನೇ ಅದಕ್ಕೆ ಬಗ್ಗಿಸಿದ. ‘ಬೀಗರ ಅಂಗಡಿ ತಾನೆ, ದಾರಿಗೆ ಇರಲಿ’ ಎಂದು ನಕ್ಕ. ಗಲ್ಲಾದಲ್ಲಿ ಕೂತವನ ಹೊಟ್ಟೆ ಧಗಧಗ ಉರಿಯಿತು. ಸಕ್ಕರೆ ಅವನದ್ದೇ? ಅಲ್ಲ. ಅಂಗಡಿ ಅವನದ್ದೇ? ಅದೂ ಅಲ್ಲ. ಆದರೂ ಉರಿಯಿತು. ಗಲ್ಲಾದ ಈ ಕಡೆಯಿಂದ ನೋಡಿದರೆ ಹಾಗೆಯೇ ಕಾಣುವುದು.

ಅಷ್ಟರಲ್ಲಿ ಒಬ್ಬ ಮುದುಕಿ ಕೈಯಲ್ಲಿ ಲೋಟ ಹಿಡಿದು ಬಂದಳು. ತಟ್ಟೆ ಖಾಲಿ. ‘ಯಜಮಾನ್ರೆ, ಒಂಚೂರು ಸಕ್ಕರೆ ಕೊಡಿ, ಬಾಯೆಲ್ಲಾ ಕಹಿ’ ಎಂದಳು. ಯಜಮಾನ ಯಾರು? ಇವನೇ. ಗಾಬರಿಯಲ್ಲಿ ಕೈ ತಾನಾಗಿ ಜೇಬಿಗೆ ಹೋಯಿತು. ಹಿಂದಿನ ದಿನದ ಪೊಟ್ಟಣಗಳು ಅಲ್ಲೇ ಇದ್ದವು. ತೆಗೆದು ಕೊಟ್ಟ.

ಗಂಡಿನ ತಾಯಿ ಅದನ್ನು ನೋಡುತ್ತಿದ್ದಳು. ‘ನಿಮ್ಮ ಅಂಗಡಿ ಸಕ್ಕರೆ ನೀವೇ ಯಾಕೆ ಜೇಬಲ್ಲಿ ಬಚ್ಚಿಟ್ಕೊಂಡಿದ್ದೀರಿ?’

ಏನು ಹೇಳುತ್ತಾನೆ? ಮಗಳ ಮುಖ ಕಣ್ಣಮುಂದೆ ಬಂತು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಆ ಮುದುಕಿ ಎದುರಿಗೇ ನಿಂತು ಸಕ್ಕರೆ ಕದಡುತ್ತಿದ್ದಳು. ಗಲ್ಲಾದಿಂದ ಎದ್ದು ನಿಂತ. ‘ಅಂಗಡಿ ನನ್ನದಲ್ಲ. ನಿನ್ನೆ ನಿಮಗೆ ಕೊಟ್ಟಿದ್ದೂ ಇಲ್ಲಿಂದ ಬಾಚ್ಕೊಂಡು ಹೋಗಿದ್ದು. ತಪ್ಪು ನನ್ನದು, ನನ್ನ ಮಗಳದ್ದಲ್ಲ’ ಎಂದ. ಅವಮಾನಕ್ಕೆ ಕಣ್ಣಲ್ಲಿ ನೀರು ಬಂತು.

ಗಂಡಿನ ತಂದೆ ಗೋಡೆ ನೋಡತೊಡಗಿದ. ತಾಯಿ ಎದ್ದು ಬಂದಳು. ಗಂಡನ ಕೈಯಿಂದ ಚೀಲ ಕಿತ್ತುಕೊಂಡು, ಪೊಟ್ಟಣಗಳನ್ನೆಲ್ಲ ತಟ್ಟೆಗೆ ವಾಪಸ್ ಸುರಿದಳು.

ಈಗ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ. ಮದುವೆ ಆಯಿತೋ ಇಲ್ಲವೋ ಎಂಬ ಚಿಂತೆ ನಿಮಗೆ. ಆಯಿತು, ಮಾರಾಯರೇ, ಆಯಿತು. ‘ನಮ್ಮನೇಲೂ ಇಂಥೋರು ಒಬ್ರಿದ್ದಾರೆ, ನಾವು ಯಾರನ್ನ ಆಡ್ಕೊಳ್ಳೋಣ’ ಎಂದು ಆ ತಾಯಿಯೇ ತಾಂಬೂಲ ಬದಲಾಯಿಸಿದಳು. ಆದರೆ ಆ ಮುದುಕಿಯ ಗತಿ ಏನಾಗುತ್ತಿತ್ತು ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಅನ್ನಿಸಿತೇ? ನಿಮಗೆ ಹೇಳಿ ಹೇಳಿ ನನಗೆ ಸಾಕಾಗಿಹೋಗಿದೆ.

ಅಂಗಡಿಯವನು ಬಿಟ್ಟಿ ಇಟ್ಟದ್ದು ನಿಮ್ಮ ಮೇಲಿನ ನಂಬಿಕೆಯಿಂದ. ನಂಬಿಕೆಗೆ ಬೋರ್ಡು ಹಾಕಬೇಕೇ? ನಾಳೆ ಬೆಳಿಗ್ಗೆಯಿಂದ ಒಂದು ಕೆಲಸ ಮಾಡಿ. ಅರ್ಧ ಬೇಕಾದರೆ ಅರ್ಧ ಕುಡಿಯಿರಿ, ಪೂರ್ತಿ ಬೇಕಾದರೆ ಪೂರ್ತಿ ಹೇಳಿ. ಲೋಟಕ್ಕೆ ಬೇಕಾದಷ್ಟು ಸಕ್ಕರೆ ಹಾಕಿಕೊಳ್ಳಿ, ಜೇಬಿಗೆ ಬೇಡ. ಕೈ ಚಾಚುವ ಮೊದಲು, ನನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ.

ಇವತ್ತೂ ಹೊರಗೆ ಕಾಫಿ ಇದೆ. ಕಳೆದ ವಾರ ಸಕ್ಕರೆ ಡಬ್ಬಿಯೂ ಇಟ್ಟಿದ್ದರು. ಕೊನೆಗೆ ನೋಡಿದರೆ ಡಬ್ಬಿ ಇತ್ತು, ಸಕ್ಕರೆ ಇರಲಿಲ್ಲ. ಹೋಗಲಿ ಎಂದರೆ, ಅದರೊಳಗಿದ್ದ ಚಮಚವೂ ಇರಲಿಲ್ಲ. ಯಾರು ಎಂದು ನಾನು ಕೇಳುವುದಿಲ್ಲ. ಈಗ ಕಣ್ಣು ಮುಚ್ಚಿ ಜಪಕ್ಕೆ ಕೂರುತ್ತೇನೆ. ಕಣ್ಣು ತೆರೆಯುವುದರೊಳಗೆ ಆ ಚಮಚ ಡಬ್ಬಿಯಲ್ಲಿ ಇರಲಿ.