ಕೊನೆಯ ಪತ್ರಗಳನ್ನು ವಾಪಸ್ ಕಳಿಸಿದ ಜನರಲ್

ಪೂಜ್ಯ ಗುರುಗಳೇ, ಫುಸಾ ಅಮ್ಮನವರೇ, ಮಗ ಕುನಿಯೋ ಅವರೇ, ನಮ್ಮ ದಳದ ಗೆಳೆಯರೇ — ಎಲ್ಲರಿಗೂ ತಲೆಬಾಗುತ್ತೇನೆ. ನಾನು ಇನಗಾಕಿ. ದಕ್ಷಿಣದ ದ್ವೀಪದಲ್ಲಿ ಜನರಲ್ ಕುರಮಿತ್ಸು ಅವರ ಸಹಾಯಕ ಅಧಿಕಾರಿಯಾಗಿದ್ದವನು. ಅವರ ಶ್ರದ್ಧಾಂಜಲಿ ಸಭೆಯಲ್ಲಿ ಹೇಳಬಾರದ ಮಾತು, ಆದರೂ ಹೇಳುತ್ತೇನೆ — ಇವತ್ತು ನನ್ನ ಮನಸ್ಸು ಹಗುರವಾಗಿದೆ. ಹತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಈ ಊರು ಅವರನ್ನು ಹೇಡಿ ಎಂದಿತು. ಸಾಯದೆ ಶರಣಾಗಿ ಬಂದವನು ಎಂದಿತು. ಮೀನಿನ ಅಂಗಡಿಯಲ್ಲಿ ಅವರ ಪತ್ನಿ ಫುಸಾ ಅಮ್ಮನವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಕುನಿಯೋ ಶಾಲೆಯಿಂದ ಅಳುತ್ತಾ ಬಂದದ್ದನ್ನು ನಾನೇ ಕಂಡಿದ್ದೇನೆ. ಕಂಡೂ ಸುಮ್ಮನಿದ್ದೆ.

ಅದು ಆಗಸ್ಟ್ ಮೊದಲ ವಾರ. ಎಲ್ಲರೂ ಶತ್ರುವಿನ ಮೇಲೆ ನುಗ್ಗಿ ಸಾಯಬೇಕೆಂದು ಮೇಲಿನಿಂದ ಆಜ್ಞೆ ಬಂತು. ಪದ್ಧತಿಯಂತೆ ಎಂಟುನೂರು ಜನ ಕೂದಲು, ಉಗುರು ಕತ್ತರಿಸಿ ಲಕೋಟೆಗೆ ಹಾಕಿ, ಮನೆಗೆ ಕೊನೆಯ ಪತ್ರ ಬರೆದರು. ಮೂಟೆ ಹೊತ್ತು ಜನರಲ್ ಮುಂದಿಟ್ಟೆ. ಕನ್ನಡಕ ಏರಿಸಿದರು — ಹೀಗೆ — ಒಂದೊಂದನ್ನೇ ಓದಿದರು.

"ಏನಯ್ಯಾ ಇದು, ಕೋಳಿ ಕೆದರಿದ ಹಾಗಿದೆ. ತಾಯಿ ಹೇಗೆ ಓದ್ಬೇಕು? ಮತ್ತೆ ಬರೆಸು."

ಬರೆಸಿದೆ. ಎರಡು ದಿನ ಬಿಟ್ಟು, "ಎಲ್ಲಾ ಒಂದೇ ಥರ ಇದೆಯಲ್ಲ. ಮಗ ಬರೆದ ಹಾಗಿಲ್ಲ. ವಾಪಸ್ ಕೊಡು."

ನಗುತ್ತಿದ್ದೀರಿ — ಆಗ ಯಾರೂ ನಗಲಿಲ್ಲ. ಕಾಗದ ಮುಗಿಯಿತು, ಆಹಾರದ ಡಬ್ಬಿಗಳ ಚೀಟಿ ಕಿತ್ತು ಅದರ ಹಿಂದೆ ಬರೆದರು. "ಸಾಯೋಕೂ ಬಿಡಲ್ವಲ್ಲ ಈ ಮುದುಕ" ಅಂದೆ ನಾನು. ಅವರಿಗೆ ಕೇಳಿಸಿತು. "ಬರೆಸು" ಅಂದರು, ಅಷ್ಟೇ. ಮೇಲಿನವರಿಗೆ ಮಾತ್ರ 'ಪತ್ರಗಳು ಇನ್ನೂ ಸಿದ್ಧವಾಗಿಲ್ಲ, ದಾಳಿ ತಡವಾಗುತ್ತದೆ' ಎಂದು ತಂತಿ ಕಳಿಸುತ್ತಲೇ ಇದ್ದರು.

ಹನ್ನೊಂದನೆಯ ದಿನ ಯುದ್ಧ ನಿಂತ ಸುದ್ದಿ ಬಂತು. ಜನರಲ್ ನೆಲದ ಮೇಲೇ ಕುಳಿತುಬಿಟ್ಟರು. ನನಗೆ ಅರ್ಥವಾದದ್ದೇ ಆಗ.

"ನೀವು ನಮ್ಮನ್ನ ಹೇಗೆ ಉಳಿಸಿದ್ರಿ ಅಂತ ಊರಿಗೆ ಹೋಗಿ ಹೇಳ್ತೀನಿ, ಸಾಹೇಬ್ರೆ" ಅಂದೆ.

"ಬೇಡ ಇನಗಾಕಿ. ಹೋದ ವರ್ಷ ನದಿ ದಂಡೆಗೆ ಮುನ್ನೂರು ಜನರನ್ನ ಕಳಿಸ್ದೆ. ಅವರ ಪತ್ರ ಒಂದನ್ನೂ ಓದ್ಲಿಲ್ಲ. ಒಬ್ಬನೂ ವಾಪಸ್ ಬರ್ಲಿಲ್ಲ. ನಾನು ಇರೋವರೆಗೂ ಯಾರೂ ನನ್ನ ಹೊಗಳ್ಬಾರ್ದು."

ಆ ಮುನ್ನೂರು ಜನರ ಹೊಣೆ ಅವರದೇ. ಅದನ್ನು ನಾನು ಅಳಿಸಲಾರೆ, ಅವರೂ ಅಳಿಸಿಕೊಳ್ಳಲಿಲ್ಲ. ಆದರೆ ಕುನಿಯೋ — ನಿಮ್ಮ ತಂದೆ ಹೇಡಿಯಲ್ಲ. ಹೇಳುವುದು ತಡವಾಯಿತು, ಕ್ಷಮಿಸಿ.

ಈಗ ಮೌನವಾಗಿ ನಿಲ್ಲೋಣ — ನದಿ ದಂಡೆಯಲ್ಲಿ ಮಡಿದವರಿಗಾಗಿ, ಜನರಲ್ ಅವರಿಗಾಗಿ. ಆದರೆ ಎಲ್ಲರೂ ಒಟ್ಟಿಗೆ ಏಳಬೇಡಿ. ಪತ್ರ ತಿದ್ದಿ ಬರೆದವರು ಮೊದಲು ಏಳಿ. ನಿಮ್ಮ ಹೆಂಡತಿಯರು ಏಳಲಿ. ಆಮೇಲೆ ಹುಟ್ಟಿದ ನಿಮ್ಮ ಮಕ್ಕಳೂ ಏಳಲಿ.

ಫುಸಾ ಅಮ್ಮನವರೇ — ದಯವಿಟ್ಟು ಒಮ್ಮೆ ಹಿಂದೆ ತಿರುಗಿ ನೋಡಿ.