ಹುಚ್ಚಕ್ಕ ಎದ್ದು ನಿಲ್ಲಲಿಲ್ಲ

ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಬಸ್ಸಿಗೆ ಕಾಯುತ್ತಾ ಪೇಪರ್ ಓದುತ್ತಿದ್ದೆ. ಮುಂದಿನ ಬೆಂಚಿನಲ್ಲಿ ತುರುವನೂರು ಕಡೆಯ ಮುದುಕಿ ಹುಚ್ಚಕ್ಕ, ಜೊತೆಗೆ ಅವಳೂರಿನ ಭಾಗ್ಯ.

"ಸಿನಿಮಾದಾಗೆ ಮಾಡಿದ್ಯಂತಲ್ಲ ಅಜ್ಜಿ?" ಭಾಗ್ಯ ಕೇಳಿದಳು.

"ಹ್ಞೂಂ, ಚಂದ್ರವಳ್ಳಿ ಹತ್ರ ಶೂಟಿಂಗು. ಮುಂದೆಂದೋ ಬರೋ ಕೆಟ್ಟ ಕಾಲದ ಕತೆ. ದೇಶಕ್ಕೆಲ್ಲ ಒಬ್ಬನೇ ಸಾಹೇಬ. ಅವನು ಬಂದ್ರೆ ಎಲ್ಲಾರೂ ಎದ್ದು ನಿಲ್ಲಬೇಕು. ಒಂದಿನ ಜನ ತಿರುಗಿಬಿದ್ದು ಕುಂತೇ ಇರ್ತಾರೆ. ಆ ಜನ ನಾವು."

"ಕುಂತಿರಾದೇನು ಕಷ್ಟ?"

"ಸಾಹೇಬನ ಜೀಪು ಬಂತು ನೋಡು, ಎಲ್ಲಾರೂ ದಡಕ್ಕಂತ ಎದ್ದು ಕೈ ಮುಗುದ್ರು. ನಮ್ಮ ಕಾಟಯ್ಯ ಹೆಗಲ ಮೇಲಿನ ಟವಲ್ಲೂ ತೆಗೆದ."

"ಅವನು ಬರೀ ವೇಷದ ಸಾಹೇಬ ಅಲ್ವಾ?"

"ಬೆಳಿಗ್ಗೆ ನಮ್ಮ ಪಕ್ಕದಾಗೇ ಕುಂತು ಚಿತ್ರಾನ್ನ ತಿಂದಿದ್ದ! ಎಷ್ಟು ಸಲ ಶಾಟ್ ತೆಗೆದ್ರೂ ಅಷ್ಟು ಸಲ ಎದ್ರು."

"ಕತೆ ಬರೆದೋರು ಬೈಲಿಲ್ವಾ?"

"ಆ ಮೇಷ್ಟ್ರಾ? ಅವರೂ ಹಿಂದೆ ಕೈ ಮುಗುದು ನಿಂತಿದ್ರಂತೆ."

ಆ ಮೇಷ್ಟ್ರು ನಾನೇ. ಪೇಪರನ್ನು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡೆ.

"ನೀನೂ ಎದ್ದಾ?"

"ನಾನೊಬ್ಬಳೇ ಏಳ್ಲಿಲ್ಲ. ಡೈರೆಕ್ಟ್ರು ಓಡಿ ಬಂದು ಕಾಲಿಗೆ ಬಿದ್ರು. 'ಅಮ್ಮಾ, ಇಡೀ ಕ್ರಾಂತಿ ನಿಮ್ಮ ಮುಖದಲ್ಲಿದೆ' ಅಂದ್ರು. ಪೋಸ್ಟರಿಗೂ ನನ್ನ ಫೋಟೋನೇ ಅಂತೆ."

"ಅಬ್ಬಾ! ಅಷ್ಟು ಧೈರ್ಯ ಎಲ್ಲಿಂದ ಬಂತು?"

ತುರುವನೂರು ಬಸ್ಸು ಬಂದು ನಿಂತಿತು.

"ಧೈರ್ಯ ಎಲ್ಲೀದು ತಾಯಿ, ಮಂಡಿ ಹಿಡ್ಕಂಡಿತ್ತು. ಬಾ, ಕೈ ಕೊಟ್ಟು ಎಬ್ಬಿಸು. ಅವತ್ತೂ ಒಂದು ಕೈ ಕೊಡ್ರೋ ಅಂತ ಬಡ್ಕಂಡೆ. ಸಾಹೇಬ್ರಿಗೆ ಮುಗಿಯಾದು ಬಿಟ್ಟು ಒಬ್ಬರ ಕೈಗೂ ಬಿಡುವಿರ್ಲಿಲ್ಲ."